ಹಳೇ ಜಿ.ಐ. ಜೋ ಗೊಂಬೆಗೆ ಅದರದೇ ಸಾಮಾನು ಸೇರಿಸುವುದು ಹೇಗೆ: ಹಂತ ಹಂತದ ಮಾರ್ಗದರ್ಶಿ

ಹಳೇ ಆಕ್ಷನ್ ಗೊಂಬೆ ಕೂಡಿಡಲು ಶುರು ಮಾಡಿದವರು ಹೆಚ್ಚಾಗಿ ಒಂದೇ ಜಾಗದಲ್ಲಿ ಎಡವುತ್ತಾರೆ. ಗೊಂಬೆ ಸಿಗುತ್ತದೆ, ಬಂದೂಕೂ ಸಿಗುತ್ತದೆ, ಆದರೆ ಆ ಬಂದೂಕು ಆ ಗೊಂಬೆಯದಲ್ಲ. ಅದರದೇ ಬಂದೂಕು ಸಿಕ್ಕರೆ ಕೈಗೆ ತುರುಕುವಾಗ ಹೆಬ್ಬೆರಳು ಮುರಿಯುತ್ತದೆ. ಇನ್ನು ಕೆಲವರು ದುಬಾರಿ ಸಾಮಾನೆಲ್ಲ ಕೊಂಡು ತಂದ ಮೇಲೆ ಗೊಂಬೆಯ ಸೊಂಟದಲ್ಲಿ ಬಿರುಕು ನೋಡುತ್ತಾರೆ.

ಮೂರಕ್ಕೂ ಕಾರಣ ಒಂದೇ, ಕೆಲಸದ ಕ್ರಮ ತಪ್ಪಿದ್ದು. ಮೊದಲು ಮೈ ಗಟ್ಟಿಯಿದೆಯಾ ನೋಡಬೇಕು. ಆಮೇಲೆ ಅದು ಯಾವ ವರ್ಷದ್ದು, ಯಾವ ದೇಶದಲ್ಲಿ ಮಾರಿದ್ದು ಅಂತ ಗುರುತಿಸಬೇಕು. ನಂತರ ಬಿಚ್ಚಿ, ತೊಳೆದು, ಒಳಗಿನ ರಬ್ಬರ್ ಬದಲಿಸಬೇಕು. ಸಾಮಾನು ಹುಡುಕುವುದು ಕೊನೆಗೆ. ಬಹಳ ಜನ ಇದನ್ನು ತಲೆಕೆಳಗು ಮಾಡುತ್ತಾರೆ, ಯಾಕೆಂದರೆ ಸಾಮಾನು ಹುಡುಕುವುದರಲ್ಲೇ ಜಾಸ್ತಿ ಮಜಾ.

ಇಲ್ಲಿ ಹೇಳುವುದು ಅಮೆರಿಕದ ಹ್ಯಾಸ್ಬ್ರೋ ಕಂಪನಿ 1982ರಿಂದ 1994ರವರೆಗೆ ತಂದ ಮೂರೂಮುಕ್ಕಾಲು ಇಂಚಿನ ಜಿ.ಐ. ಜೋ ಅನ್ನುವ ಸೈನಿಕ ಗೊಂಬೆಗಳ ಬಗ್ಗೆ. ಅದೇ ಅಚ್ಚುಗಳಿಂದ ನಮ್ಮಲ್ಲಿ ಫನ್‌ಸ್ಕೂಲ್ ತಯಾರಿಸಿದವೂ ಇದರಲ್ಲಿ ಸೇರಿವೆ. 1964ರಲ್ಲಿ ಬಂದ 12 ಇಂಚಿನ ದೊಡ್ಡ ಜೋಗೆ ಬಟ್ಟೆ, ಬೂಟು, ಬೇರೆಯದೇ ಕೀಲುಗಳಿವೆ. ಅದನ್ನು ಈ ಕ್ರಮದಲ್ಲಿ ಬಿಚ್ಚಲು ಹೋಗಬೇಡಿ.

ಮೊದಲೇ ಸಿದ್ಧ ಮಾಡಿಕೊಳ್ಳಬೇಕಾದ್ದು

ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ತುದಿ ಸವೆಯದೇ ಇರುವಂಥದ್ದು. ಮೊಬೈಲ್ ರಿಪೇರಿ ಸೆಟ್‌ನಲ್ಲಿ ಬರುವ ಬೇರೆ ಬೇರೆ ಗಾತ್ರದ ತುದಿಗಳಿದ್ದರೆ ಇನ್ನೂ ಒಳ್ಳೆಯದು. ಮಕ್ಕಳ ಮೆದು ಹಲ್ಲುಜ್ಜುವ ಬ್ರಷ್, ಪಾತ್ರೆ ತೊಳೆಯುವ ಲಿಕ್ವಿಡ್, ಮರದ ಹಲ್ಲುಕಡ್ಡಿ, ಚಿಮುಟ, ಹತ್ತಿ ಬಟ್ಟೆ. ಅಂಚಿರುವ ಒಂದು ಸ್ಟೀಲ್ ತಟ್ಟೆ ಬೇಕೇ ಬೇಕು. ಬಿಚ್ಚುವ ಕೆಲಸವೆಲ್ಲ ಅದರೊಳಗೇ ಆಗಬೇಕು, ಇಲ್ಲದಿದ್ದರೆ ಸ್ಕ್ರೂ ಸೋಫಾದ ಕೆಳಗೆ ಹೋಗುತ್ತದೆ.

ಜೊತೆಗೆ ಒಂದು ಭೂತಗನ್ನಡಿ ಮತ್ತು ಮೊಬೈಲ್ ಟಾರ್ಚ್. ಓ-ರಿಂಗ್‌ಗಳನ್ನು, ಅಂದರೆ ಗೊಂಬೆಯ ಒಳಗೆ ಹಾಕುವ ದುಂಡು ರಬ್ಬರ್ ರಿಂಗ್‌ಗಳನ್ನು, ಈಗಲೇ ಕೊಳ್ಳಬೇಡಿ. ಯಾಕೆ ಅಂತ ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 1: ಕೊಳ್ಳುವ ಮುಂಚೆ ಮೈ ಪರೀಕ್ಷೆ

ಈ ಗೊಂಬೆ ಮುರಿಯುವುದು ನಾಲ್ಕು ಜಾಗದಲ್ಲಿ: ಹೆಬ್ಬೆರಳು, ಮೊಣಕೈ, ಎರಡು ಕಾಲುಗಳ ನಡುವಿನ ಸೊಂಟದ ತುಂಡು, ಬೆನ್ನಿನ ಸ್ಕ್ರೂ ತೂತಿನ ಸುತ್ತ. ಬಣ್ಣ ಹೋಗಿರುವುದು ಎರಡನೇ ಮಾತು. ಈ ನಾಲ್ಕರಲ್ಲಿ ಒಂದು ಹೋಗಿದ್ದರೂ ಅದು ಬರೀ ಬಿಡಿಭಾಗಕ್ಕೆ ಆಗುವ ಗೊಂಬೆ. ಬೆಲೆಯೂ ಹಾಗೇ ಇರಬೇಕು.

ಮಾರುವವರು ಕಳಿಸುವ ಒಂದೇ ಫೋಟೋ ನೋಡಿ ದುಡ್ಡು ಕೊಡಬೇಡಿ. ಮುಂದೆ, ಹಿಂದೆ, ಎರಡೂ ಅಂಗೈ ಹತ್ತಿರದಿಂದ, ಮೊಣಕೈ ಮಡಚಿ ಒಂದು, ಕಾಲು ಮುಂದಕ್ಕೆ ಎತ್ತಿ ಸೊಂಟ ಕಾಣುವಂತೆ ಒಂದು, ಹಿಂಭಾಗದ ಅಕ್ಷರಗಳು ಓದಲು ಬರುವಂತೆ ಒಂದು. ಇಷ್ಟು ಕೇಳಿ. ಕೈಯನ್ನು ಬೆನ್ನ ಹಿಂದೆ ಮರೆ ಮಾಡಿ ಫೋಟೋ ತೆಗೆದಿದ್ದರೆ ಹೆಬ್ಬೆರಳು ಇಲ್ಲ ಅಂತಲೇ ಅಂದುಕೊಳ್ಳಿ.

ಪೂರ್ತಿ ಮುರಿದದ್ದು ಯಾರಿಗಾದರೂ ಕಾಣುತ್ತದೆ. ಮುರಿಯಲು ಕಾದಿರುವುದು ಕಾಣುವುದಿಲ್ಲ. ಕೀಲಿನ ಪಕ್ಕದಲ್ಲಿ ಬಿಳಿ ಗೆರೆ ಇದ್ದರೆ ಅಲ್ಲಿ ಪ್ಲಾಸ್ಟಿಕ್ ಒಳಗೇ ಸೀಳಲು ಶುರುವಾಗಿದೆ. ಬಿಳಿ ಅಥವಾ ಹಳದಿ ಗೊಂಬೆಗಳಲ್ಲಿ ಈ ಗೆರೆ ಬರಿಗಣ್ಣಿಗೆ ಸಿಗುವುದಿಲ್ಲ. ಟಾರ್ಚ್ ಓರೆಯಾಗಿ ಹಿಡಿದು ನೋಡಿ.

ಕಾಲು ಜೋಲಾಡುತ್ತಿದ್ದರೆ ಅಥವಾ ಗೊಂಬೆ ಸೊಂಟದಲ್ಲಿ ಎರಡು ತುಂಡಾಗಿದ್ದರೆ ಹೆದರಬೇಡಿ. ಅದು ಒಳಗಿನ ರಬ್ಬರ್ ಹರಿದದ್ದು, ಸುಲಭವಾಗಿ ಸರಿಯಾಗುತ್ತದೆ. ಎಷ್ಟೋ ಜನ ಇದನ್ನು ಮುರಿದ ಗೊಂಬೆ ಅಂತ ಅಗ್ಗಕ್ಕೆ ಕೊಡುತ್ತಾರೆ. ನನ್ನ ಮಟ್ಟಿಗೆ ಕೊಳ್ಳಲು ಇದಕ್ಕಿಂತ ಒಳ್ಳೆ ಸ್ಥಿತಿ ಇಲ್ಲ.

ಬೆನ್ನಿನ ತೂತನ್ನೂ ಇಣುಕಿ ನೋಡಿ. ಬ್ಯಾಕ್‌ಪ್ಯಾಕ್‌ನ ಮೊಳೆ ಕೂರುವುದೂ ಸ್ಕ್ರೂ ಇರುವುದೂ ಅದೇ ತೂತಿನಲ್ಲಿ. ಹಿಂದೆ ಯಾವಾಗಲೋ ಬ್ಯಾಕ್‌ಪ್ಯಾಕ್‌ನ ಮೊಳೆ ಮುರಿದು ಒಳಗೇ ಉಳಿದಿದ್ದರೆ ಸ್ಕ್ರೂಡ್ರೈವರ್ ಒಳಗೆ ಹೋಗುವುದೇ ಇಲ್ಲ.

ಹಂತ 2: ಯಾವ ವರ್ಷ, ಯಾವ ದೇಶ

ಈ ಹಂತ ಹಾರಿಸಿದವರೇ ತಪ್ಪು ಸಾಮಾನು ಕೊಳ್ಳುವುದು. ಇಲ್ಲಿ ಆತುರ ಬೇಡ.

ಹೆಚ್ಚಿನ ಗೊಂಬೆಗಳ ಸೊಂಟದ ಹಿಂಭಾಗದಲ್ಲಿ ಅಥವಾ ತೊಡೆಯ ಹಿಂದೆ ಸಣ್ಣ ಅಕ್ಷರದ ಮುದ್ರೆ ಇರುತ್ತದೆ: ಒಂದು ಇಸವಿ, ಹ್ಯಾಸ್ಬ್ರೋ ಹೆಸರು, ಹಾಂಗ್ ಕಾಂಗ್ ಅಥವಾ ಚೀನಾದಂಥ ದೇಶದ ಹೆಸರು. ಇದನ್ನು ಓದಿ ಬರೆದುಕೊಳ್ಳಿ. ಆದರೆ ನಂಬಿಬಿಡಬೇಡಿ. ಆ ಇಸವಿ ಅಚ್ಚು ಕೆತ್ತಿದ ಕಾಲದ್ದು, ಗೊಂಬೆ ಅಂಗಡಿಗೆ ಬಂದ ಕಾಲದ್ದಲ್ಲ.

ಡ್ಯೂಕ್ ಅನ್ನುವ ಪಾತ್ರವನ್ನೇ ನೋಡಿ. 1988ರಲ್ಲಿ ಟೈಗರ್ ಫೋರ್ಸ್ ಅಂತ ಒಂದು ಗುಂಪು ಬಂತು. ಹಳದಿ ಮೇಲೆ ಕಪ್ಪು ಪಟ್ಟೆ. ಅದರಲ್ಲಿರುವ ಡ್ಯೂಕ್‌ಗೆ ಮೊದಲಿನ ಡ್ಯೂಕ್‌ನ ಅಚ್ಚನ್ನೇ ಬಳಸಿದ್ದಾರೆ, ಹಿಂದಿನ ಮುದ್ರೆಯೂ ಹಳೆಯದೇ. 1989ರ ಪೈಥಾನ್ ಪೆಟ್ರೋಲ್ ಗುಂಪಿನದೂ ಇದೇ ಕಥೆ. ಅಲ್ಲಿ ಜೋಗಳ ಶತ್ರುಗಳಾದ ಕೋಬ್ರಾ ಪಡೆಯ ಹಳೇ ಅಚ್ಚುಗಳಿಗೆ ಹೊಸ ಬಣ್ಣ ಕೊಟ್ಟರು. ಮುದ್ರೆ ಮಾತ್ರ ಓದಿದವರು ಹಳೇ ಗೊಂಬೆಯ ಬಂದೂಕು ತಂದು, ಬಣ್ಣ ಕೂಡದೆ ಕೂರುತ್ತಾರೆ. ಹಾಗಾಗಿ ಮುದ್ರೆಯಿಂದ ಅಚ್ಚನ್ನು, ಮೈಬಣ್ಣದಿಂದ ಆವೃತ್ತಿಯನ್ನು ಗುರುತಿಸಿ. ಎರಡೂ ಬೇಕು.

ಮುದ್ರೆ ಸವೆದಿದ್ದರೆ ಕೀಲುಗಳನ್ನು ನೋಡಿ. 1982ರ ಮೊದಲ ಗೊಂಬೆಗಳ ತೋಳು ಮೊಣಕೈಯಲ್ಲಿ ಮಡಚುತ್ತದೆ, ಆದರೆ ಮೊಣಕೈ ಮೇಲೆ ಸುತ್ತ ತಿರುಗುವುದಿಲ್ಲ. 1983ರಿಂದ ತೋಳು ಅಲ್ಲಿ ತಿರುಗುವಂತಾಯಿತು. 1982ರ ಗೊಂಬೆಗಳನ್ನೇ 1983ರಲ್ಲಿ ಹೊಸ ತೋಳಿನ ಜೊತೆ ಮತ್ತೆ ಮಾರಿದರು. ಮುಖ ಅದೇ, ಬಟ್ಟೆ ಅದೇ, ತೋಳು ಮಾತ್ರ ಬೇರೆ. 1985ರಿಂದ ತಲೆಗೆ ಗುಂಡು ಕೀಲು ಬಂತು, ಮೇಲೆ ಕೆಳಗೆ ನೋಡಲು ಆಗುತ್ತದೆ. ಅದಕ್ಕೆ ಮುಂಚಿನವು ಎಡಕ್ಕೆ ಬಲಕ್ಕೆ ಮಾತ್ರ. ಈ ಎರಡು ಕೀಲು ನೆನಪಿದ್ದರೆ ಅರ್ಧ ಗೊಂಬೆಗಳ ಕಾಲ ನಿಮಿಷದಲ್ಲಿ ಹೇಳಬಹುದು.

ಬೇರೆ ಬೇರೆ ಗೊಂಬೆಯ ತುಂಡು ಸೇರಿಸಿದ ಕಲಬೆರಕೆಯೂ ಇರುತ್ತದೆ. ಒಂದೇ ಸ್ಕ್ರೂ ಬಿಚ್ಚಿದರೆ ಎಲ್ಲ ಕಳಚುವ ಕಾರಣ ಇದು ಮಾಮೂಲು. 1982ರ ಗೊಂಬೆಗಳಲ್ಲಿ ಇನ್ನೂ ಕಷ್ಟ, ಯಾಕೆಂದರೆ ಅವು ತೋಳು, ಕಾಲುಗಳ ಅಚ್ಚನ್ನು ಹಂಚಿಕೊಂಡಿವೆ. ಸ್ನೇಕ್ ಐಸ್ ಅನ್ನುವ ಪಾತ್ರದ ಮೊದಲ ಗೊಂಬೆಗೆ ಬಣ್ಣವನ್ನೇ ಬಳಿದಿಲ್ಲ, ಪೂರ್ತಿ ಕಪ್ಪು ಪ್ಲಾಸ್ಟಿಕ್. ಅದರಲ್ಲಿ ಕಲಬೆರಕೆ ಹಿಡಿಯಬೇಕಾದರೆ ಕಪ್ಪಿನ ಹೊಳಪನ್ನೇ ನೋಡಬೇಕು: ಎಡ ಕಾಲು ಮಂಕು, ಬಲ ಕಾಲು ಮಿನುಗು ಅಂತಿದ್ದರೆ ಒಂದು ಬೇರೆ ಕಡೆಯಿಂದ ಬಂದಿದೆ. ಬಿಸಿಲಿನಲ್ಲಿ ಹಿಡಿದು ನೋಡಿ. ಟ್ಯೂಬ್‌ಲೈಟ್ ಕೆಳಗೆ ಇದು ಗೊತ್ತಾಗುವುದಿಲ್ಲ.

ಫನ್‌ಸ್ಕೂಲ್ ಗೊಂಬೆಯನ್ನು ಪ್ರತ್ಯೇಕ ಇಡಿ

ನಮ್ಮಲ್ಲಿ ಹಳೇ ಮನೆಗಳ ಅಟ್ಟದಿಂದ ಇಳಿಯುವ ಜಿ.ಐ. ಜೋ ಬಹುತೇಕ ಫನ್‌ಸ್ಕೂಲ್‌ನದು. ಎಂಆರ್‌ಎಫ್ ಮತ್ತು ಹ್ಯಾಸ್ಬ್ರೋ ಸೇರಿ 1987ರಲ್ಲಿ ಕಟ್ಟಿದ ಕಂಪನಿ ಅದು. ಗೋವಾದಲ್ಲಿ ಕಾರ್ಖಾನೆ. ಹ್ಯಾಸ್ಬ್ರೋ ಅಚ್ಚುಗಳಿಂದಲೇ ಗೊಂಬೆ ಎರಕ ಹೊಯ್ದರು, ಆದರೆ ಪ್ಲಾಸ್ಟಿಕ್ ಇಲ್ಲಿಯದು, ಬಣ್ಣ ಇಲ್ಲಿಯದು. ಹಾಗಾಗಿ ಅಮೆರಿಕದಲ್ಲಿ ಹಸಿರು ಇದ್ದದ್ದು ಇಲ್ಲಿ ಬೇರೆಯೇ ಹಸಿರು ಆಗಿರಬಹುದು. ಒಂದೇ ಪಾತ್ರಕ್ಕೆ ಎರಡು ಮೂರು ಬಣ್ಣದ ಸೇರಿಕೆಗಳೂ ಕಾಣಸಿಗುತ್ತವೆ.

ಇಲ್ಲಿ ಎರಡು ತಪ್ಪು ಆಗುತ್ತವೆ. ಒಂದು, ಬಣ್ಣ ಸಂಗ್ರಹಕಾರರ ಪುಸ್ತಕದಲ್ಲಿ ಇರುವಂತಿಲ್ಲ ಅಂತ ನಕಲಿ ಎಂದು ಬಿಸಾಕುವುದು. ಇನ್ನೊಂದು, ಅಮೆರಿಕದ ಸಾಮಾನು ತರಿಸಿ ಇದಕ್ಕೆ ಜೋಡಿಸುವುದು. ಫನ್‌ಸ್ಕೂಲ್ ಗೊಂಬೆಗೆ ಫನ್‌ಸ್ಕೂಲ್ ಸಾಮಾನೇ ಸರಿ. ಅದರ ಬಂದೂಕಿನ ಬಣ್ಣವೂ ಬೇರೆ, ಪ್ಲಾಸ್ಟಿಕ್ಕಿನ ಗಟ್ಟಿತನವೂ ಬೇರೆ. ಕೀಳು ಅಂತ ನೋಡಬೇಡಿ. ಹೊರದೇಶದ ಸಂಗ್ರಹಕಾರರು ಇದನ್ನು ಹುಡುಕಿ ಕೊಳ್ಳುತ್ತಾರೆ.

ಬ್ರೆಜಿಲ್‌ನ ಎಸ್ಟ್ರೆಲಾ, ಅರ್ಜೆಂಟಿನಾದ ಪ್ಲಾಸ್ಟಿರಾಮಾ, ಇಂಗ್ಲೆಂಡಿನ ಪ್ಯಾಲಿಟಾಯ್ ಕೂಡ ಹೀಗೇ ತಮ್ಮ ಬಣ್ಣದಲ್ಲಿ ತಂದಿವೆ. ಗಲ್ಫ್ ಅಥವಾ ಲಂಡನ್‌ನಿಂದ ನೆಂಟರು ತಂದ ಪೆಟ್ಟಿಗೆಯಲ್ಲಿ ಅಪರಿಚಿತ ಬಣ್ಣ ಕಂಡರೆ ಇವುಗಳ ಕಡೆಗೂ ಒಮ್ಮೆ ನೋಡಿ.

ಹಂತ 3: ಬಿಚ್ಚುವುದು

ಮೊದಲು ಎರಡು ಫೋಟೋ ತೆಗೆಯಿರಿ, ಮುಂದೆ ಒಂದು, ಹಿಂದೆ ಒಂದು. ಎಡ ತೋಳು ಯಾವುದು, ಬಲ ಯಾವುದು ಎಂದು ಆಮೇಲೆ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ತಟ್ಟೆಯಲ್ಲಿ ಹತ್ತಿ ಬಟ್ಟೆ ಹಾಸಿ ಗೊಂಬೆಯನ್ನು ಬೋರಲು ಮಲಗಿಸಿ. ಸ್ಕ್ರೂಡ್ರೈವರ್ ತುದಿ ಸ್ಕ್ರೂ ತಲೆಯಲ್ಲಿ ಅಲ್ಲಾಡದೆ ಕೂರಬೇಕು. ಅಲ್ಲಾಡಿದರೆ ಗಾತ್ರ ಬದಲಿಸಿ. ಕೆಳಗೆ ಒತ್ತುವ ಬಲ ಜಾಸ್ತಿ, ತಿರುಗಿಸುವ ಬಲ ಕಮ್ಮಿ. ತುದಿ ಒಮ್ಮೆ ಜಾರಿತು ಅಂದರೆ ನಿಲ್ಲಿಸಿ. ಇನ್ನೆರಡು ಸಲ ಜಾರಿದರೆ ಸ್ಕ್ರೂ ತಲೆ ಬೋಳಾಗುತ್ತದೆ. ಆಗಲೇ ಬೋಳಾಗಿದ್ದರೆ ಅಗಲ ರಬ್ಬರ್ ಬ್ಯಾಂಡಿನ ಒಂದು ಚೂರನ್ನು ತುದಿ ಮತ್ತು ಸ್ಕ್ರೂ ನಡುವೆ ಇಟ್ಟು ಒತ್ತಿ ತಿರುಗಿಸಿ, ಹಿಡಿತ ಸಿಗುತ್ತದೆ.

ಸ್ಕ್ರೂ ಬಂದ ಮೇಲೆ ಬೆನ್ನಿನ ಅರ್ಧ ಮೇಲೇಳುತ್ತದೆ. ತೋಳುಗಳು, ತಲೆ, ಕಾಲು ಎಲ್ಲ ಸಡಿಲ. ಎರಡು ಕಾಲನ್ನು ಒಂದು ಲೋಹದ ಕೊಕ್ಕೆ ಹಿಡಿದಿರುತ್ತದೆ. ಆ ಕೊಕ್ಕೆಗೆ ರಬ್ಬರ್ ರಿಂಗ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎದೆಯೊಳಗಿನ ಸ್ಕ್ರೂ ಕಂಬಕ್ಕೆ ಸುತ್ತಿರುತ್ತಾರೆ. ಗೊಂಬೆ ನಿಂತಿರುವುದೇ ಈ ಎಳೆತದ ಮೇಲೆ.

ಮೊಣಕೈ, ಮೊಣಕಾಲಲ್ಲಿ ಕಾಣುವ ಲೋಹದ ರಿವೆಟ್ ಬಿಚ್ಚುವುದಕ್ಕಲ್ಲ. ಅದನ್ನು ತೆಗೆಯಲು ಹೋದವರ ಕೈಯಲ್ಲಿ ಎರಡು ತುಂಡು ಉಳಿದಿವೆ, ಅಷ್ಟೇ.

ಹಂತ 4: ತೊಳೆಯುವುದು

ಉಗುರುಬೆಚ್ಚಗಿನ ನೀರು, ನಾಲ್ಕು ಹನಿ ಪಾತ್ರೆ ಲಿಕ್ವಿಡ್, ಮೆದು ಬ್ರಷ್. ಇದಿಷ್ಟೇ. ಬಣ್ಣವಿರುವ ಜಾಗದಲ್ಲಿ ಬ್ರಷ್ ಬೇಡ, ಬೆರಳ ತುದಿ ಸಾಕು. ಎದೆಯೊಳಗೆ ಹಳೇ ರಬ್ಬರ್ ಕರಗಿ ಅಂಟಿಕೊಂಡಿದ್ದರೆ ಹಲ್ಲುಕಡ್ಡಿಯಿಂದ ಕೆರೆದು ತೆಗೆಯಿರಿ. ಚಾಕು, ಸೂಜಿ ಬೇಡ.

ನೇಲ್ ಪಾಲಿಶ್ ರಿಮೂವರ್, ಥಿನ್ನರ್, ಪೆಟ್ರೋಲ್ ಹತ್ತಿರವೂ ತರಬೇಡಿ. ರಿಮೂವರ್‌ನಲ್ಲಿರುವ ಅಸಿಟೋನ್ ಈ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ. ಸ್ಯಾನಿಟೈಸರ್ ಕೂಡ ಬೇಡ, ಸ್ಪಿರಿಟ್ ಇರುವುದರಿಂದ ಬಣ್ಣ ಏಳಬಹುದು. ಮಾರುಕಟ್ಟೆಯಲ್ಲಿ ಸಿಗುವ ಬಿಳಿ ಮ್ಯಾಜಿಕ್ ಸ್ಪಂಜ್ ಮೆದು ಅನ್ನಿಸಿದರೂ ನಯವಾದ ಉಪ್ಪುಕಾಗದದ ಕೆಲಸ ಮಾಡುತ್ತದೆ. ಹುಬ್ಬು, ಮೀಸೆ ಮಾಯವಾಗುವುದು ಇದರಿಂದಲೇ.

ತೊಳೆದ ಮೇಲೆ ಒಣಗಿಸುವುದರಲ್ಲಿ ಕಳ್ಳತನ ಮಾಡಬೇಡಿ. ರಿವೆಟ್ ಒಳಗೆ ನೀರು ನಿಂತರೆ ತುಕ್ಕು ಹಿಡಿದು ಕೀಲಿನ ಸುತ್ತ ಕಂದು ಕಲೆ ಬಿಡುತ್ತದೆ. ಬಟ್ಟೆಯಿಂದ ಒರೆಸಿ, ಫ್ಯಾನ್ ಕೆಳಗೆ ಒಂದು ರಾತ್ರಿ ಬಿಡಿ. ಬಿಸಿಲಿಗೆ ಇಡಬೇಡಿ. ಹೇರ್ ಡ್ರೈಯರ್ ಬೇಡ.

ಇನ್ನು ಹಳದಿ ತಿರುಗಿದ ಬಿಳಿ ಪ್ಲಾಸ್ಟಿಕ್ ವಿಷಯ. 1984ರ ಸ್ಟಾರ್ಮ್ ಶ್ಯಾಡೋ ಪೂರ್ತಿ ಬಿಳಿ ನಿಂಜಾ. ಹಳದಿ ತಿರುಗದ ಒಂದು ಸಿಕ್ಕರೆ ಅದೃಷ್ಟ. ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಮುಳುಗಿಸಿ ನೇರಳಾತೀತ ಬೆಳಕಿಗೆ ಇಟ್ಟರೆ ಬಿಳಿ ಮರಳುತ್ತದೆ ಅಂತ ಹೇಳುವವರಿದ್ದಾರೆ. ಹಳೇ ಕಂಪ್ಯೂಟರ್ ಇಷ್ಟಪಡುವವರು 2008ರ ಹೊತ್ತಿಗೆ ಕಂಡುಕೊಂಡ ಉಪಾಯ ಅದು. ಬಿಳಿ ಬರುವುದು ನಿಜ. ಆದರೆ ಬಳಿದ ಬಣ್ಣ ಮಾಸಬಹುದು, ಪ್ಲಾಸ್ಟಿಕ್ ಪೆಡಸಾಗಬಹುದು, ಕೆಲವು ವರ್ಷಕ್ಕೆ ಹಳದಿ ವಾಪಸ್ ಬರಬಹುದು. ಕಂಪ್ಯೂಟರ್ ಡಬ್ಬಿಗೆ ಇದು ನಡೆದೀತು. ತೆಳು ಹೆಬ್ಬೆರಳಿನ ಗೊಂಬೆಗೆ ನಾನು ಬೇಡ ಅನ್ನುತ್ತೇನೆ. ಮಾಡಲೇಬೇಕು ಅಂದರೆ ಕೈಗವಸು, ಕನ್ನಡಕ ಹಾಕಿಕೊಳ್ಳಿ. ಮೊದಲು ಕೆಲಸಕ್ಕೆ ಬಾರದ ಒಂದು ಕಾಲಿನ ಮೇಲೆ ಪ್ರಯೋಗ ಮಾಡಿ.

ಹಂತ 5: ಓ-ರಿಂಗ್ ಹಾಕಿ ಜೋಡಿಸುವುದು

ಎಲ್ಲ ಗೊಂಬೆಗೂ ಒಂದೇ ಗಾತ್ರದ ರಿಂಗ್ ಅಲ್ಲ. ಮೈ ಉದ್ದ, ಕೊಕ್ಕೆಯ ಉದ್ದ ಬೇರೆ ಬೇರೆ. ಗೊಂಬೆ ಬಿಚ್ಚಿದ ಮೇಲೆ ರಿಂಗ್ ಕೊಳ್ಳಿ ಅಂದದ್ದು ಇದಕ್ಕೇ. ಎದೆಯ ಅರ್ಧಭಾಗ, ಕೊಕ್ಕೆ, ಹಳೇ ರಿಂಗ್‌ನ ಚೂರು ಒಂದು ಡಬ್ಬಿಯಲ್ಲಿ ಹಾಕಿಕೊಂಡು ಆಯಿಲ್ ಸೀಲ್ ಅಥವಾ ಪಂಪ್ ಬಿಡಿಭಾಗ ಮಾರುವ ಅಂಗಡಿಗೆ ಹೋಗಿ. ಕಪ್ಪು ನೈಟ್ರೈಲ್ ರಿಂಗ್ ಕೇಳಿ. ದಪ್ಪ ಹಳೆಯದರಷ್ಟೇ ಇರಲಿ. ಸುತ್ತಳತೆಯಲ್ಲಿ ಮಾತ್ರ ಒಂದು ಚಿಕ್ಕದು, ಒಂದು ಸಮ, ಒಂದು ದೊಡ್ಡದು ತೆಗೆದುಕೊಳ್ಳಿ. ಹಳೇ ರಿಂಗ್ ಹಿಗ್ಗಿಯೋ ಒಣಗಿಯೋ ಇರುವುದರಿಂದ ಅದರ ಅಳತೆಯೊಂದನ್ನೇ ನಂಬಲಾಗದು.

ಜೋಡಿಸುವ ಕ್ರಮ ಹೀಗೆ:

1. ಎರಡು ಕಾಲು ಕೊಕ್ಕೆಗೆ ಸೇರಿಸಿ, ಕೊಕ್ಕೆಯ ತಲೆ ಸೊಂಟದ ತುಂಡಿನ ಮೂಲಕ ಮೇಲೆ ಬರಲಿ.

2. ರಿಂಗನ್ನು ಕೊಕ್ಕೆಗೆ ಸಿಕ್ಕಿಸಿ. ಚಿಮುಟದಿಂದ ಎಳೆದು ಎದೆಯ ಮುಂಭಾಗದ ಕಂಬಕ್ಕೆ ಸುತ್ತಿ. ಚಿಮುಟದ ತುದಿ ಚೂಪಾಗಿದ್ದರೆ ರಿಂಗ್ ಸೀಳುತ್ತದೆ, ಮೊಂಡು ತುದಿಯದೇ ಬಳಸಿ.

3. ತೋಳು, ತಲೆ ಅವುಗಳ ಗೂಡಿನಲ್ಲಿ ಇಡಿ. ಬೆನ್ನಿನ ಅರ್ಧ ಮುಚ್ಚಿ. ಸುತ್ತ ಎಲ್ಲೂ ಸಂದು ಇರಬಾರದು. ಸಂದು ಇದ್ದರೆ ರಿಂಗ್ ಅಂಚಿನಲ್ಲಿ ಸಿಕ್ಕಿಕೊಂಡಿದೆ ಅಂತ ಅರ್ಥ. ಸ್ಕ್ರೂ ಬಿಗಿದು ಸಂದು ಮುಚ್ಚಲು ಹೋಗಬೇಡಿ.

4. ಸ್ಕ್ರೂ ಇಟ್ಟು ಮೊದಲು ಉಲ್ಟಾ ತಿರುಗಿಸಿ. ಒಂದು ಕಡೆ ಸಣ್ಣಗೆ ಟಕ್ ಅಂತ ಇಳಿದಂತಾಗುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ. ಹೀಗೆ ಮಾಡಿದರೆ ಸ್ಕ್ರೂ ಹಳೇ ಗೀರಿನಲ್ಲೇ ಹೋಗುತ್ತದೆ, ಪ್ಲಾಸ್ಟಿಕ್ಕಿನಲ್ಲಿ ಹೊಸದಾಗಿ ಕೊರೆಯುವುದಿಲ್ಲ.

5. ಎರಡು ಅರ್ಧ ಕೂಡಿದ ಕೂಡಲೇ ನಿಲ್ಲಿಸಿ. ಇನ್ನೊಂದು ಕಾಲು ಸುತ್ತು ಅಂತ ಆಸೆ ಪಟ್ಟರೆ ಕಂಬ ಸೀಳುತ್ತದೆ.

ಈಗ ಪರೀಕ್ಷೆ. ಎದೆ ಹಿಡಿದು ಎತ್ತಿ. ಸೊಂಟ ಎದೆಗೆ ಅಂಟಿಕೊಂಡಿರಬೇಕು, ಕಾಲು ಜೋಲಬಾರದು. ಸೊಂಟ ತಿರುಗಿಸಿ ಬಿಟ್ಟರೆ ರಪ್ ಅಂತ ವಾಪಸ್ ಎಗರಿದರೆ ರಿಂಗ್ ತೀರಾ ಬಿಗಿ. ಈ ತಪ್ಪನ್ನು ಜನ ಗುಣ ಅಂದುಕೊಳ್ಳುತ್ತಾರೆ, ಗೊಂಬೆ ಗಟ್ಟಿಯಾಯಿತು ಅಂತ. ಬಿಗಿ ರಿಂಗ್ ದಿನವೂ ಸೊಂಟದ ತುಂಡನ್ನು ಎಳೆಯುತ್ತಿರುತ್ತದೆ, ಒಂದು ದಿನ ಕಪಾಟಿನಲ್ಲಿ ನಿಂತಲ್ಲೇ ಮುರಿಯುತ್ತದೆ. ಸ್ವಲ್ಪ ಸಡಿಲವೇ ವಾಸಿ.

ಮೊಣಕೈ ಸಡಿಲವಿದ್ದರೆ ಸೂಪರ್ ಗ್ಲೂ ಹಾಕುವ ಉಪಾಯ ಹೇಳುತ್ತಾರಲ್ಲ, ಅದು ಬೇಡ. ಕೀಲು ಅಂಟಿಕೊಳ್ಳುತ್ತದೆ, ಜೊತೆಗೆ ಅದರ ಹೊಗೆ ಪ್ಲಾಸ್ಟಿಕ್ ಮೇಲೆ ಬಿಳಿ ಮಂಜು ಕಟ್ಟಿಸುತ್ತದೆ.

ಹಂತ 6: ಸಾಮಾನು ಪಟ್ಟಿ ಮಾಡಿ, ಆಮೇಲೆ ಹುಡುಕಿ

ಗುರುತು ಸಿಕ್ಕಿದೆ, ಮೈ ಸರಿಯಾಗಿದೆ. ಈಗ ಆ ಆವೃತ್ತಿಗೆ ಕಂಪನಿ ಏನೇನು ಕೊಟ್ಟಿತ್ತು ಅಂತ ಪಟ್ಟಿ ಮಾಡಿ. ಯೋಜೋ ಡಾಟ್ ಕಾಮ್ ಅನ್ನುವ ಜಾಲತಾಣದಲ್ಲಿ ವರ್ಷವಾರು ಪಟ್ಟಿ, ಪ್ರತಿ ಸಾಮಾನಿನ ಫೋಟೋ ಇವೆ. ಹೆಸರಿನ ಜೊತೆ ಬಣ್ಣವನ್ನೂ ಬರೆದುಕೊಳ್ಳಿ. ಬರೀ 'ಬಂದೂಕು' ಅಂತ ಬರೆದರೆ ಪ್ರಯೋಜನವಿಲ್ಲ.

ಕೆಲವು ಪಟ್ಟಿ ಉದ್ದ. 1984ರ ಸ್ಟಾರ್ಮ್ ಶ್ಯಾಡೋಗೆ ಉದ್ದ ಕತ್ತಿ, ಗಿಡ್ಡ ಕತ್ತಿ, ಬಿಲ್ಲು, ನುಂಚಾಕು (ಸರಪಳಿಯಿಂದ ಸೇರಿಸಿದ ಎರಡು ಕೋಲು), ಬೆನ್ನಿಗೆ ಬತ್ತಳಿಕೆ. 1985ರ ಸ್ನೇಕ್ ಐಸ್‌ಗೆ ಊಝಿ ಬಂದೂಕು, ಕತ್ತಿ, ಬ್ಯಾಕ್‌ಪ್ಯಾಕ್ ಮತ್ತು ಟಿಂಬರ್ ಅನ್ನುವ ತೋಳ. 1983ರ ಟ್ರಿಪ್‌ವೈರ್‌ಗೆ ನೆಲಬಾಂಬು ಹುಡುಕುವ ಯಂತ್ರ, ಬ್ಯಾಕ್‌ಪ್ಯಾಕ್, ಅದರೊಳಗೆ ಕೂರುವ ಪುಟ್ಟ ಬಾಂಬುಗಳು. ಅದೇ ವರ್ಷದ ಡೆಸ್ಟ್ರೋಗೆ ಬರೀ ಪಿಸ್ತೂಲು ಮತ್ತು ಬೆನ್ನಿಗೆ ಹಾಕುವ ಪೆಟ್ಟಿಗೆ. ಹೊಸಬರಿಗೆ ಡೆಸ್ಟ್ರೋ ಥರದ್ದೇ ಸರಿ. ಎರಡು ಸಾಮಾನು ಸಿಕ್ಕರೆ ಮುಗಿಯಿತು. ಮೊದಲ ಗೊಂಬೆಯೇ ಸ್ಟಾರ್ಮ್ ಶ್ಯಾಡೋ ಆದರೆ ನುಂಚಾಕು ಹುಡುಕುವುದರಲ್ಲೇ ಉತ್ಸಾಹ ಇಳಿದುಹೋಗುತ್ತದೆ.

ಕಳೆದುಹೋಗುವುದು ಯಾವಾಗಲೂ ಪುಟ್ಟ ಸಾಮಾನು. 1982ರ ಫ್ಲ್ಯಾಶ್, ಗ್ರ್ಯಾಂಡ್ ಸ್ಲ್ಯಾಮ್‌ಗಳ ಹೆಲ್ಮೆಟ್ ಸಿಗಬಹುದು, ಅದಕ್ಕೆ ಹಾಕುವ ಪಾರದರ್ಶಕ ಮುಖಗವಚ ಸಿಗುವುದು ಕಷ್ಟ. ಹಾಗಾಗಿ ಪಟ್ಟಿಯಲ್ಲಿ ಅತಿ ಚಿಕ್ಕದು ಯಾವುದೋ ಅದನ್ನೇ ಮೊದಲು ಹುಡುಕಿ. ದೊಡ್ಡ ಬಂದೂಕು ಇವತ್ತಲ್ಲ ನಾಳೆ ಸಿಗುತ್ತದೆ.

ಇನ್ನೊಂದು ಬಲೆ ಇದೆ. 1983ರಿಂದ ಹ್ಯಾಸ್ಬ್ರೋ ಬರೀ ಸಾಮಾನುಗಳ ಪ್ಯಾಕೆಟ್ ಮಾರಿತು, ಬ್ಯಾಟಲ್ ಗೇರ್ ಅಂತ. ಆಗಿನ ಗೊಂಬೆಗಳ ಬಂದೂಕು, ಹೆಲ್ಮೆಟ್‌ಗಳೇ ಅದರಲ್ಲಿ, ಆದರೆ ಹಲವಕ್ಕೆ ಬೇರೆ ಬಣ್ಣ. ಅದೂ ಅಸಲಿಯೇ, ಕಂಪನಿಯದೇ. ಆದರೆ ನಿಮ್ಮ ಗೊಂಬೆಯ ಜೊತೆ ಬಂದದ್ದಲ್ಲ. ಮಾರುವವರು 'ಒರಿಜಿನಲ್ ಹ್ಯಾಸ್ಬ್ರೋ' ಅಂದರೆ ಸುಳ್ಳು ಹೇಳುತ್ತಿಲ್ಲ, ಪೂರ್ತಿ ನಿಜವನ್ನೂ ಹೇಳುತ್ತಿಲ್ಲ. ಫೋಟೋದಲ್ಲಿ ಬಣ್ಣ ಮೋಸ ಮಾಡುತ್ತದೆ, ಹಾಗಾಗಿ ಬಿಳಿ ಕಾಗದದ ಮೇಲಿಟ್ಟು ಹಗಲು ಬೆಳಕಿನಲ್ಲಿ ತೆಗೆದ ಫೋಟೋ ಕೇಳಿ.

ನಕಲು ಸಾಮಾನಿನ ಸುಳಿವುಗಳು

ಈಗ ಹೊಸದಾಗಿ ಎರಕ ಹೊಯ್ದ, ತ್ರೀಡಿ ಪ್ರಿಂಟ್ ಮಾಡಿದ ಸಾಮಾನು ಬೇಕಾದಷ್ಟಿದೆ. ನಕಲು ಅಂತ ಹೇಳಿಯೇ ಮಾರುವವರ ಬಗ್ಗೆ ತಕರಾರಿಲ್ಲ. ಕೈ ಬದಲಾದಾಗ ಆ ಮಾತು ಕಳೆದುಹೋಗುತ್ತದೆ, ತೊಂದರೆ ಅಲ್ಲಿ.

ಅಂಚು ನೋಡಿ. ಅಸಲಿಯ ಗೆರೆಗಳು ಚೂಪು, ನಕಲಿನವು ಸೋಪು ಸವೆದಂತೆ ದುಂಡು. ಅಸಲಿಯಿಂದ ಅಚ್ಚು ತೆಗೆದು ಮತ್ತೆ ಹೊಯ್ದಾಗ ಸಣ್ಣ ವಿವರಗಳು ಕರಗುತ್ತವೆ, ಅಳತೆಯೂ ಕೂದಲೆಳೆಯಷ್ಟು ಕುಗ್ಗುತ್ತದೆ. ಭೂತಗನ್ನಡಿಯಲ್ಲಿ ಪುಟ್ಟ ಗುಳ್ಳೆಯ ಗುರುತು ಕಂಡರೆ ರೆಸಿನ್ ಎರಕ. ಪದರ ಪದರವಾಗಿ ಸಮನಾಂತರ ಗೆರೆ ಕಂಡರೆ ಪ್ರಿಂಟ್ ಮಾಡಿದ್ದು. ತೀರಾ ಮಿನುಗು, ತೀರಾ ಹೊಸತು ಅನ್ನಿಸಿದರೂ ಅನುಮಾನಿಸಿ.

ಹಿಡಿಕೆಯನ್ನು ಒಂಚೂರು ಬಾಗಿಸಿ ನೋಡುವ ಪರೀಕ್ಷೆ ಹೇಳುತ್ತಾರೆ. ಹಳೇ ಪ್ಲಾಸ್ಟಿಕ್ ಮೇಲೆ ಅದನ್ನು ಮಾಡಬೇಡಿ, ಅಸಲಿ ಅಂತ ಗೊತ್ತಾಗುವ ಹೊತ್ತಿಗೆ ಮುರಿದಿರುತ್ತದೆ. ಎಲ್ಲಕ್ಕಿಂತ ನಂಬಬಹುದಾದ್ದು ಹೋಲಿಕೆ. ಖಚಿತವಾಗಿ ಅಸಲಿ ಅಂತ ಗೊತ್ತಿರುವ ಅದೇ ವರ್ಷದ ಇನ್ನೊಂದು ಸಾಮಾನನ್ನು ಪಕ್ಕದಲ್ಲಿಟ್ಟು ಹೊಳಪು, ತೂಕ, ಅಂಚು ನೋಡಿ. ಅದಕ್ಕೇ ಆರಂಭದಲ್ಲಿ ಒಂದೆರಡು ಅಗ್ಗದ ಅಸಲಿ ಬಂದೂಕು ಇಟ್ಟುಕೊಂಡಿರುವುದು ಒಳ್ಳೆಯದು.

ಅಮೆರಿಕದಿಂದ ತರಿಸುವುದಾದರೆ ಅಂಚೆ ಖರ್ಚು ಮತ್ತು ಕಸ್ಟಮ್ಸ್ ಸುಂಕ ಮೊದಲೇ ಲೆಕ್ಕ ಹಾಕಿ. ಒಂದೊಂದೇ ಬಂದೂಕು ತರಿಸಿದರೆ ಸಾಮಾನಿಗಿಂತ ಸಾಗಣೆಯೇ ದುಬಾರಿ. ಅಲ್ಲಿ ಪರಿಚಯದವರಿದ್ದರೆ ಅವರ ಮನೆಗೆ ಕೂಡಿಸಿ, ಬರುವಾಗ ತರಲು ಹೇಳಿ. ಬಂದೂಕು ಆಕಾರದ ಸಾಮಾನನ್ನು ಕೈಚೀಲದಲ್ಲಿ ಇಡಬೇಡಿ ಅಂತಲೂ ಹೇಳಿ, ಸುಮ್ನೆ ವಿಮಾನ ನಿಲ್ದಾಣದಲ್ಲಿ ಪ್ರಶ್ನೆ ಯಾಕೆ.

ಹಂತ 7: ಕೈಗೆ ಕೊಡುವುದು

ಅತಿ ಹೆಚ್ಚು ಗೊಂಬೆ ಹಾಳಾಗುವುದು ಈ ಕೊನೇ ನಿಮಿಷದಲ್ಲಿ. ಹೆಬ್ಬೆರಳು ಮತ್ತು ಬೆರಳುಗಳ ನಡುವಿನ ಸಂದಿಗೆ ಹಿಡಿಕೆಯನ್ನು ಎದುರಿನಿಂದ ಒತ್ತಿದರೆ ಬಲವೆಲ್ಲ ಹೆಬ್ಬೆರಳಿನ ಬುಡಕ್ಕೆ ಬೀಳುತ್ತದೆ. ಹಾಗೆ ಒತ್ತಬೇಡಿ. ಹಿಡಿಕೆಯ ತುದಿಯನ್ನು ಮುಷ್ಟಿಯ ಮೇಲಿನಿಂದ ಕೆಳಕ್ಕೆ ಜಾರಿಸಿ, ಸೂಜಿಗೆ ದಾರ ಪೋಣಿಸುವಷ್ಟು ನಿಧಾನವಾಗಿ. ತೋಳನ್ನಲ್ಲ, ಮುಂಗೈಯನ್ನು ಹಿಡಿದುಕೊಳ್ಳಿ. ಇಲ್ಲದಿದ್ದರೆ ಮೊಣಕೈಗೂ ಪೆಟ್ಟು.

ಬಿಗಿ ಅನ್ನಿಸಿದರೆ ಅಲ್ಲಿಗೇ ಬಿಡಿ. ಕೆಲವು ಹಿಡಿಕೆಗಳು ಹುಟ್ಟಿನಿಂದಲೇ ದಪ್ಪ. 1982ರ ಜ್ಯಾಪ್‌ನ ಬಜೂಕಾದಲ್ಲಿ ದಪ್ಪ ಹಿಡಿಕೆಯದೂ ಇದೆ, ತೆಳು ಹಿಡಿಕೆಯದೂ ಇದೆ. ಹೆಬ್ಬೆರಳಿಲ್ಲದ ಜ್ಯಾಪ್‌ಗಳು ಅಷ್ಟೊಂದು ಯಾಕಿವೆ ಅಂತ ಇದರಿಂದಲೇ ಗೊತ್ತಾಗುತ್ತದೆ. ಅಂಥದ್ದನ್ನು ಕೈಗೆ ಕೊಡದೆ ಕಾಲ ಬಳಿ ಇಟ್ಟು ಪ್ರದರ್ಶಿಸಿ.

ಬ್ಯಾಕ್‌ಪ್ಯಾಕ್‌ನ ಮೊಳೆ ನೇರವಾಗಿ ಒಳಗೆ ಹೋಗಬೇಕು, ನೇರವಾಗಿಯೇ ಹೊರಬರಬೇಕು. ಪಕ್ಕಕ್ಕೆ ಸೊಟ್ಟ ಮಾಡಿ ಎಳೆದರೆ ಮೊಳೆ ತೂತಿನಲ್ಲೇ ಉಳಿಯುತ್ತದೆ.

ಹಂತ 8: ಇಡುವುದು

ಕಿಟಕಿಯಿಂದ ಬಿಸಿಲು ಬೀಳದ ಕಪಾಟು. ಮಂಗಳೂರು, ಉಡುಪಿ, ಮಲೆನಾಡಿನ ಕಡೆಯವರು ಜೂನ್‌ಗೆ ಮುಂಚೆ ಮುಚ್ಚಳ ಬಿಗಿಯಾದ ಡಬ್ಬಿಗೆ ವರ್ಗಾಯಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮಳೆಗಾಲದ ನಡುವೆ ಒಮ್ಮೆ ಪೊಟ್ಟಣ ಬದಲಿಸಬೇಕು. ಸ್ಕ್ರೂ ಮತ್ತು ಕೊಕ್ಕೆಗೆ ತುಕ್ಕು ಹಿಡಿಯುವುದು ಆಗಲೇ.

ಮೆದು ಪಿವಿಸಿ ಚೀಲದಲ್ಲಿ ಗೊಂಬೆ ಇಡಬೇಡಿ. ಪ್ಲಾಸ್ಟಿಕ್ ಮೆದುವಾಗಿರಲು ಬೆರೆಸಿದ ಎಣ್ಣೆಯಂಥ ವಸ್ತು ಹೊರಬಂದು ಗಟ್ಟಿ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಮುಟ್ಟಿದರೆ ಜಿಗುಟು ಅನ್ನಿಸುವ ಯಾವುದೇ ಸಾಮಾನನ್ನು ಉಳಿದವುಗಳಿಂದ ದೂರ ಇಡಿ. ಕಾರಣ ಅದೇ. ಪಾಲಿಥಿನ್ ಅಥವಾ ಪಾಲಿಪ್ರೊಪಿಲಿನ್ ಜಿಪ್ ಚೀಲ ಸರಿ. ರಬ್ಬರ್ ಬ್ಯಾಂಡ್ ಹಾಕಿ ಬಂದೂಕನ್ನು ಮೈಗೆ ಕಟ್ಟುವುದು ಬೇಡವೇ ಬೇಡ. ಸೆಕೆಗೆ ಅದು ಕರಗಿ ಬಣ್ಣದ ಮೇಲೆ ಕಪ್ಪು ಗೆರೆ ಬಿಡುತ್ತದೆ.

ಗೊಂಬೆಗೆ ಒಂದು ಚೀಲ, ಅದರ ಸಾಮಾನಿಗೆ ಇನ್ನೊಂದು ಪುಟ್ಟ ಚೀಲ, ಎರಡೂ ಸೇರಿ ಒಂದು ದೊಡ್ಡ ಚೀಲ. ಒಳಗೊಂದು ಚೀಟಿ: ಪಾತ್ರದ ಹೆಸರು, ಆವೃತ್ತಿಯ ವರ್ಷ, ದೇಶ, ಯಾವ ಸಾಮಾನು ಅಸಲಿ, ಯಾವುದು ನಕಲು, ಯಾವ ಗಾತ್ರದ ಓ-ರಿಂಗ್ ಹಾಕಿದ್ದು, ಹಾಕಿದ ವರ್ಷ. ಪೆನ್ನಿನ ಶಾಯಿ ಪ್ಲಾಸ್ಟಿಕ್ಕಿಗೆ ಹತ್ತುತ್ತದೆ, ಪೆನ್ಸಿಲ್‌ನಲ್ಲಿ ಬರೆಯಿರಿ. ಗೊಂಬೆ ಅಂಟಿಸಿ ಮಾರಿದ ಕಾರ್ಡಿನ ಹಿಂದಿನಿಂದ ಕತ್ತರಿಸಿದ, ಪಾತ್ರದ ಪರಿಚಯ ಚೀಟಿ ನಿಮ್ಮ ಬಳಿ ಇದ್ದರೆ ಅದನ್ನು ಮಡಚದೆ ಬೇರೆ ಚೀಲದಲ್ಲಿ ಇಡಿ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಡಬ್ಬಿ ಮೇಲಿನ ಅರೆಯಲ್ಲಿರಲಿ. ಈ ಬಂದೂಕು, ಮುಖಗವಚಗಳು ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರದವು.

ಓ-ರಿಂಗ್ ಶಾಶ್ವತ ಅಲ್ಲ. ವರ್ಷಕ್ಕೊಮ್ಮೆ ಪ್ರತಿ ಗೊಂಬೆಯ ಸೊಂಟವನ್ನು ಮೆಲ್ಲಗೆ ಬಾಗಿಸಿ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ರಿಂಗ್ ಮೇಲೆ ಸಣ್ಣ ಸೀಳುಗಳು ಕಂಡರೆ, ಅಥವಾ ಮಿನುಗುವ ಜಿಗುಟು ಕಂಡರೆ, ಹರಿಯುವ ತನಕ ಕಾಯದೆ ಮೂರನೇ ಹಂತದಿಂದ ಶುರು ಮಾಡಿ.